ಮೂರೋ ನಾಲ್ಕೋ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ಹಿರಿಯರು ಹೇಳಿದ್ದಾರೆ. ಹಾಗೆ ಹೇಳುವಾಗ ಅವರು ಹಾಸಿಗೆ ಮಾರುವವನ ಗತಿಯೇನು ಎಂದು ಯೋಚಿಸಿದಂತೆ ಕಾಣುವುದಿಲ್ಲ. ಹಾಸಿಗಪ್ಪನವರ ಸುತ್ತ ಬೆಳಗಿನಿಂದ ಸಂಜೆಯವರೆಗೆ ಹಾಸಿಗೆಗಳೇ. ಹತ್ತಿಯದು, ನಾರಿನದು, ಸ್ಪ್ರಿಂಗಿನದು, ಒಬ್ಬರದು, ಇಬ್ಬರದು. ಇಷ್ಟೆಲ್ಲ ಇದ್ದ ಮೇಲೆ ಮನುಷ್ಯ ಕಾಲನ್ನು ಒಂದಿಷ್ಟು ಹೆಚ್ಚಾಗಿ ಚಾಚಿದರೆ ಅದನ್ನು ತಪ್ಪು ಎನ್ನುವುದು ಕಷ್ಟ.

ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ನಗರದ ಆ ಹಾಸಿಗೆ ಅಂಗಡಿ ಸೇರಿದ ಮೇಲೆ ಮೊದಲು ಅಂಗಡಿಯವರು, ಆಮೇಲೆ ಬೀದಿಯವರು, ಕೊನೆಗೆ ಹೆಂಡತಿಯ ತವರಿನವರೂ ಅವರನ್ನು ಹಾಸಿಗಪ್ಪ ಎಂದೇ ಕರೆದರು. ಮಾವನವರೊಬ್ಬರು ಮಾತ್ರ ಹಾಗೆ ಕರೆಯಲಿಲ್ಲ. ಅವರು ಅಳಿಯನನ್ನು ಏನೆಂದೂ ಕರೆಯಲಿಲ್ಲ. ಹೆಡ್‌ಮೇಷ್ಟರಾಗಿ ನಿವೃತ್ತರಾದ ಆ ಹಿರಿಯರು ಮದುವೆಯ ದಿನದಿಂದ ಇಂದಿನವರೆಗೆ ಅಳಿಯನೊಡನೆ ನೇರವಾಗಿ ಒಂದು ಮಾತನ್ನೂ ಆಡಿರಲಿಲ್ಲ. ಜಗಳವೇನೂ ಇರಲಿಲ್ಲ. ಮಲಗುವುದಕ್ಕೆ ಮನುಷ್ಯನಿಗೆ ಇನ್ನೊಬ್ಬನ ಸಲಹೆ ಯಾಕೆ ಬೇಕು, ಅದೂ ಒಂದು ಕೆಲಸವೇ ಎಂಬುದು ಅವರ ನಿಲುವು. ಹೇಳಬೇಕಾದದ್ದನ್ನೆಲ್ಲ ಅವರು ಮಗಳ ಮೂಲಕವೇ ಹೇಳುತ್ತಿದ್ದರು.

"ನಿನ್ನ ಗಂಡನಿಗೆ ಹೇಳು, ಕಿಟಕಿ ಮುಚ್ಚಲಿ."

ಆ ಗಂಡ ಕಿಟಕಿಯ ಪಕ್ಕದಲ್ಲೇ ಕುಳಿತಿರುತ್ತಿದ್ದರು. ಹೆಂಡತಿ ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದು, "ರೀ, ಕಿಟಕಿ ಮುಚ್ಚಬೇಕಂತೆ," ಎಂದ ಮೇಲೆ ಎದ್ದು ಮುಚ್ಚುತ್ತಿದ್ದರು. ಅಷ್ಟರಲ್ಲಿ ಮಳೆ ಅರ್ಧ ಕೋಣೆಯವರೆಗೆ ಬಂದಿರುತ್ತಿತ್ತು. ಇಂಥ ಮಾವನ ಬಾಯಲ್ಲಿ ಒಂದು ಸಲ 'ಅಳಿಯಂದ್ರೇ' ಎನ್ನಿಸಿಕೊಳ್ಳಬೇಕು ಎಂಬ ಆಸೆ ಹಾಸಿಗಪ್ಪನವರಿಗೆ ಇತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ.

ಇನ್ನು ಸ್ಟೇಷನ್ನಿನ ವಿಷಯಕ್ಕೆ ಬರೋಣ. ಹಾಸಿಗಪ್ಪನವರ ಬಡಾವಣೆಯಿಂದ ನಗರಕ್ಕೆ ನೇರ ರೈಲಿರಲಿಲ್ಲ. ಬಡಾವಣೆಯ ಗಾಡಿ ಜಂಕ್ಷನ್ನಿನವರೆಗೆ ಬಂದು, ನನ್ನ ಕೆಲಸ ಮುಗಿಯಿತು ಎಂದು ನಿಂತುಬಿಡುತ್ತಿತ್ತು. ಅಲ್ಲಿ ಇಳಿದು, ಸೇತುವೆ ಹತ್ತಿ, ಆಚೆ ಇಳಿದು, ನಗರದ ಗಾಡಿ ಹಿಡಿಯಬೇಕು. ಆಚೆಗೆ ಎರಡು ಪ್ಲಾಟ್‌ಫಾರಂ. ಎಡಗಡೆಯ ಮೆಟ್ಟಿಲು ಇಳಿದರೆ ಮೂರು, ಬಲಗಡೆಯದು ಇಳಿದರೆ ನಾಲ್ಕು. ನಗರದ ಗಾಡಿ ಒಂದು ದಿನ ಮೂರಕ್ಕೆ ಬರುತ್ತಿತ್ತು, ಇನ್ನೊಂದು ದಿನ ನಾಲ್ಕಕ್ಕೆ. ಯಾಕೆ ಹೀಗೆ ಎಂದು ಯಾರೂ ಕೇಳಿರಲಿಲ್ಲ. ದಿನಾ ರೈಲಿನಲ್ಲಿ ಓಡಾಡುವವರು ಯಾಕೆ ಎಂಬ ಮಾತನ್ನು ಮೊದಲ ವಾರದಲ್ಲೇ ಬಿಟ್ಟಿರುತ್ತಾರೆ. ತಪ್ಪಾದ ಮೆಟ್ಟಿಲು ಇಳಿದರೆ ಮತ್ತೆ ಹತ್ತಿ ಇನ್ನೊಂದು ಕಡೆ ಇಳಿಯುವಷ್ಟರಲ್ಲಿ ಗಾಡಿಯ ಬೆನ್ನು ಮಾತ್ರ ಕಾಣುತ್ತಿತ್ತು.

ಧ್ವನಿವರ್ಧಕ ಇತ್ತು. ಅದರಲ್ಲಿ ಒಬ್ಬಾಕೆ ಬಹಳ ಮುಖ್ಯವಾದದ್ದನ್ನು ಏನೋ ಹೇಳುತ್ತಿದ್ದಳು. ಆದರೆ ಕೊಡದೊಳಗೆ ತಲೆ ಹಾಕಿ ಮಾತಾಡಿದಂತೆ ಕೇಳಿಸುತ್ತಿತ್ತು. ಹೀಗಾಗಿ ಜಂಕ್ಷನ್ನಿನಲ್ಲಿ ಒಂದು ಪದ್ಧತಿ ಬೆಳೆದಿತ್ತು. ಜನ ಸೇತುವೆಯ ನಡುವೆ ಬಂದು ನಿಂತುಬಿಡುತ್ತಿದ್ದರು. ಗೊತ್ತಿರುವವರು ಯಾರಾದರೂ ಹೊರಟ ಕೂಡಲೇ ಉಳಿದವರು ಅವರ ಹಿಂದೆ ದಡದಡನೆ ಇಳಿಯುತ್ತಿದ್ದರು.

ಹಾಸಿಗಪ್ಪನವರಿಗೆ ಗೊತ್ತಿರುವವರು ಎಂದರೆ ಕಂದು ಟೋಪಿಯವರು. ದಿನಾ ಅದೇ ಕಂದು ಟೋಪಿ, ಅದೇ ಉದ್ದನೆಯ ಕೊಡೆ, ಮುಖದಲ್ಲಿ ರೈಲ್ವೆಯನ್ನು ತಾನೇ ಕಟ್ಟಿಸಿದಂಥ ಗಾಂಭೀರ್ಯ. ಅವರ ಗುಟ್ಟನ್ನು ಹಾಸಿಗಪ್ಪನವರು ಹಿಂದೆಯೇ ಕಂಡುಹಿಡಿದಿದ್ದರು. ಟೋಪಿಯವರು ಕೊಡೆಯನ್ನು ಬಲಗೈಗೆ ಬದಲಾಯಿಸಿದರೆ ಗಾಡಿ ಬಲಗಡೆ, ನಾಲ್ಕಕ್ಕೆ. ಎಡಗೈಗೆ ಬದಲಾಯಿಸಿದರೆ ಎಡಗಡೆ, ಮೂರಕ್ಕೆ. ಕೊಡೆ ಕೈ ಬದಲಾಯಿಸಿತೋ ಇಲ್ಲವೋ, ಹಾಸಿಗಪ್ಪನವರು ಚೀಲವನ್ನು ಹೆಗಲಿಗೇರಿಸಿ ಆ ಕಡೆ ಹೊರಡುತ್ತಿದ್ದರು. ಒಮ್ಮೆಯೂ ತಪ್ಪಿರಲಿಲ್ಲ. ಟೋಪಿಯವರು ಮಾತ್ರ ಎಂದೂ ಮುಂದೆ ನಡೆಯದೆ ಅವರ ಹಿಂದೆಯೇ ಬರುತ್ತಿದ್ದರು. ದೊಡ್ಡವರು ಹಾಗೇ, ತೋರಿಸಿಕೊಳ್ಳುವುದಿಲ್ಲ ಎಂದು ಹಾಸಿಗಪ್ಪನವರು ಗೌರವ ಪಡುತ್ತಿದ್ದರು. ಇಷ್ಟು ವರ್ಷಗಳಲ್ಲಿ ಇಬ್ಬರೂ ಒಂದು ಮಾತೂ ಆಡಿರಲಿಲ್ಲ.

ಎಲ್ಲವೂ ಹೀಗೇ ನಡೆದುಕೊಂಡು ಹೋಗಬಹುದಿತ್ತು. ಆದರೆ ಒಂದು ದಿನ ಭಾವಮೈದುನನ ಬೈಕು ಕೆಟ್ಟಿತು.

ಭಾವಮೈದುನ ಬೈಕ್ ಶೋರೂಮಿನಲ್ಲಿ ಕೆಲಸ ಮಾಡುವವನು. ರೈಲಿನಲ್ಲಿ ಓಡಾಡುವವರನ್ನು ಕಂಡರೆ ಅವನಿಗೆ, ದೇವರು ಇವರಿಗೂ ಒಂದು ದಾರಿ ತೋರಿಸಲಿ ಎಂಬಂಥ ಕನಿಕರ. ಆ ದಿನ ಬೇರೆ ದಾರಿಯಿಲ್ಲದೆ ಭಾವನ ಜೊತೆ ಹೊರಟಿದ್ದ. ಸೇತುವೆಯ ಮೇಲೆ ಜನರೆಲ್ಲ ಸುಮ್ಮನೆ ನಿಂತದ್ದನ್ನು ಕಂಡು ಅವನಿಗೆ ನಗು ತಡೆಯಲಾಗಲಿಲ್ಲ.

"ಏನ್ ಭಾವ ಇದು? ಯಾರಾದ್ರೂ ಸತ್ತಿದ್ದಾರಾ?"

"ಸುಮ್ನಿರೋ. ಗಾಡಿ ಯಾವ ಕಡೆ ಬರುತ್ತೆ ಅಂತ ನೋಡ್ತಾ ಇದ್ದಾರೆ."

"ದಿನಾ ಇದೇ ಗೋಳಾ? ನಿಮಗಾದ್ರೂ ಗೊತ್ತಾ, ಇಲ್ಲ ನೀವೂ ಕುರಿಮಂದೇಲಿ ಒಬ್ರಾ?"

ಹಾಸಿಗಪ್ಪನವರು ಟೋಪಿಗಾಗಿ ಸುತ್ತ ನೋಡಿದರು. ಟೋಪಿ ಬಂದಿರಲಿಲ್ಲ. ಭಾವಮೈದುನನ ಮುಖದಲ್ಲಿ ಮಾವನವರ ಮೂಗೇ ಇತ್ತು. ಆ ಮೂಗು ತಮ್ಮನ್ನೇ ನೋಡುತ್ತಿದೆ ಎನ್ನಿಸಿತು.

"ನಾಲ್ಕು," ಎಂದರು ಹಾಸಿಗಪ್ಪನವರು. ಯಾಕೆ ನಾಲ್ಕು ಎಂದು ಅವರಿಗೆ ಇಂದಿಗೂ ತಿಳಿಯದು. ಚೀಲ ಹೆಗಲಿಗೇರಿಸಿ ಬಲಗಡೆಗೆ ಹೊರಟರು. ಸೇತುವೆಗೆ ಸೇತುವೆಯೇ ಅವರ ಹಿಂದೆ ಇಳಿಯಿತು. ಕೆಳಗೆ ಬಂದು ನಿಂತರೋ ಇಲ್ಲವೋ, ಗಾಡಿ ನಾಲ್ಕಕ್ಕೇ ಬಂತು. ಬಾಗಿಲು ಅವರ ಮೂಗಿನ ಮುಂದೆಯೇ ತೆರೆಯಿತು.

"ಭಾವ!" ಎಂದ ಭಾವಮೈದುನ. "ಹೇಗೆ ಗೊತ್ತಾಯ್ತು?"

ಇಲ್ಲಿ ಹಾಸಿಗಪ್ಪನವರು, 'ಬಾಯಿಗೆ ಬಂದದ್ದು ಹೇಳಿದೆ ಕಣೋ' ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವರು ಕಿಟಕಿಯ ಹೊರಗೆ ನೋಡುತ್ತ, "ಅದೆಲ್ಲ ಹೇಳಿದ್ರೆ ಅರ್ಥ ಆಗಲ್ಲ ಬಿಡು," ಎಂದರು.

ಬೆಂಕಿ ಇಡುವುದಕ್ಕೆ ಅಷ್ಟು ಸಾಕಾಯಿತು. ಭಾವಮೈದುನ ಸಂಜೆ ಮನೆಯಲ್ಲಿ ಹೇಳಿದ. ಅಲ್ಲಿಂದ ಫೋನಿನಲ್ಲಿ ಅದು ಹಾಸಿಗಪ್ಪನವರ ಹೆಂಡತಿಗೆ ಬಂತು, ಹೆಂಡತಿಯಿಂದ ಮಹಡಿಯ ಮನೆಗೆ ಹತ್ತಿತು, ಮಹಡಿಯಿಂದ ಇಡೀ ಬೀದಿಗೆ ಇಳಿಯಿತು. ಹೊರಟಾಗ, ಗಾಡಿ ಬರುವ ಕಡೆ ಅವರಿಗೆ ಗೊತ್ತಾಗುತ್ತದಂತೆ ಎಂದಿದ್ದ ಸುದ್ದಿ, ಬೀದಿಯ ಕೊನೆ ಮುಟ್ಟುವಾಗ, ರೈಲ್ವೆಯಲ್ಲಿ ಅವರ ಮಾತು ನಡೆಯುತ್ತದಂತೆ ಎಂದಾಗಿತ್ತು.

ಮೊದಲು ಬಂದವಳು ಮಹಡಿಯ ಮನೆಯ ಬಾಣಂತಿ. ಬೆಳಗಿನ ಮೊದಲ ಗಾಡಿಯ ಕೂಗಿಗೆ ಮಗು ಎಚ್ಚರವಾಗುತ್ತದೆ ಎಂಬುದು ಅವಳ ದೂರು.

"ಅಣ್ಣಾ, ನೀವು ಒಂದು ಮಾತು ಹೇಳಿದ್ರೆ ಸಾಕಂತೆ. ಸ್ವಲ್ಪ ಮೆತ್ತಗೆ ಕೂಗಲಿ."

"ಅಮ್ಮಾ, ಅದು ನನ್ನ ಕೈಲಿ..." ಎಂದು ಹಾಸಿಗಪ್ಪನವರು ಶುರುಮಾಡಿದರು. ಅಷ್ಟರಲ್ಲಿ ಹೆಂಡತಿ ಒಳಗಿನಿಂದ, "ಹೇಳ್ತಾರೆ ಬಿಡಮ್ಮ, ಅವರಿಗೆ ಅದೇನು ದೊಡ್ಡ ವಿಷಯ," ಎಂದಳು. ಮದುವೆಯಾದ ಮೇಲೆ ಹೆಂಡತಿ ತಮ್ಮ ಬಗ್ಗೆ ಇಂಥ ಮಾತು ಆಡಿದ್ದನ್ನು ಅವರು ಕೇಳಿದ್ದು ಅದೇ ಮೊದಲು. ಅದನ್ನು ತಿದ್ದಲು ಅವರಿಗೆ ಮನಸ್ಸಾಗಲಿಲ್ಲ. "ನೋಡೋಣ," ಎಂದರು.

ಮಾರನೆಯ ಬೆಳಿಗ್ಗೆ ಕೂಗು ಕೇಳಿಸಲಿಲ್ಲ. ಎಲ್ಲೋ ಇಂಜಿನ್ ಕೆಟ್ಟು ಮೊದಲ ಗಾಡಿಯೇ ಬಂದಿರಲಿಲ್ಲ. ಬಾಣಂತಿ ಮಗುವನ್ನು ಎತ್ತಿಕೊಂಡು ಕೆಳಗೆ ಓಡಿಬಂದಳು.

"ಅಯ್ಯೋ ಅಣ್ಣಾ, ಮೆತ್ತಗೆ ಕೂಗಲಿ ಅಂದ್ರೆ ಗಾಡೀನೇ ನಿಲ್ಲಿಸಿಬಿಟ್ರಲ್ಲ! ಪಾಪ, ಅಷ್ಟೆಲ್ಲ ಬೇಡ. ನಾಳೆಯಿಂದ ಗಾಡಿ ಬಿಡೋಕೆ ಹೇಳಿ."

ಮಾರನೆಯ ದಿನ ಗಾಡಿ ಬಂತು. ಅಲ್ಲಿಗೆ ಹಾಸಿಗಪ್ಪನವರ ಪ್ರತಿಷ್ಠೆ ಗೋಡೆಗೆ ಮೊಳೆ ಹೊಡೆದಷ್ಟು ಗಟ್ಟಿಯಾಯಿತು. ಪಕ್ಕದ ಮನೆಯ ಬೀಗ ರಿಪೇರಿಯವನು ಬಂದು, ಗಾಡಿಯಲ್ಲಿ ತನಗೆ ಹಿಂದುಮುಂದಾಗಿ ಕುಳಿತರೆ ತಲೆ ಸುತ್ತುವುದರಿಂದ ಸೀಟುಗಳನ್ನೆಲ್ಲ ಒಂದೇ ಕಡೆ ತಿರುಗಿಸಿದರೆ ಒಳ್ಳೆಯದು ಎಂದ. ಹಾಸಿಗಪ್ಪನವರು ಅದಕ್ಕೂ ನೋಡೋಣ ಎಂದರು. ಅವರಿಗೆ ಆ ಮಾತು ರೂಢಿಯಾಗಿಹೋಗಿತ್ತು.

ಹೀಗಿರುವಾಗ ಹಾಸಿಗಪ್ಪನವರ ಮಗಳ ಪರೀಕ್ಷೆ ಬಂತು.

ಮಗಳಿಗೆ ಪಶುವೈದ್ಯೆ ಆಗಬೇಕೆಂದು ಆಸೆ. ಬೀದಿಯ ನಾಯಿಗಳೆಲ್ಲ ಅವಳನ್ನು ಕಂಡರೆ ಕಾಲು ಮುಂದೆ ಮಾಡುತ್ತಿದ್ದವು, ಹಾಗೆ ನೋಡಿಕೊಂಡಿದ್ದಳು ಅವುಗಳನ್ನು. ಕಾಲೇಜಿಗೆ ಸೇರುವುದಕ್ಕೆ ನಗರದಲ್ಲಿ ಒಂದು ಪ್ರವೇಶ ಪರೀಕ್ಷೆ. ತಡವಾಗಿ ಬಂದವರಿಗೆ ಗೇಟು ತೆರೆಯುವುದಿಲ್ಲ ಎಂದು ಮೊದಲೇ ಹೇಳಿದ್ದರು. ಹೋದ ವರ್ಷ ಬೀಗ ರಿಪೇರಿಯವನ ಅಣ್ಣನ ಮಗಳು ಹಾಗೆ ಗೇಟಿನ ಹೊರಗೆ ನಿಂತು ಅತ್ತು ಮನೆಗೆ ಬಂದಿದ್ದಳು. ಅದು ಎಲ್ಲರಿಗೂ ನೆನಪಿತ್ತು.

ಭಾವಮೈದುನ ಬಂದು ಕೇಳಿದ. "ಭಾವ, ನಾನು ಬೈಕಲ್ಲಿ ಕರ್ಕೊಂಡು ಹೋಗ್ತೀನಿ. ಆ ಜಂಕ್ಷನ್ ತಾಪತ್ರಯ ಯಾಕೆ?"

ಹಿಂದಿನ ದಿನ ಮೊಮ್ಮಗಳನ್ನು ಹರಸಲೆಂದು ಬಂದಿದ್ದ ಮಾವನವರು ಕುರ್ಚಿಯಲ್ಲಿ ಕುಳಿತಿದ್ದರು. ಅವರ ಮೂಗು ಪತ್ರಿಕೆಯ ಮೇಲಿಂದ ಸ್ವಲ್ಪ ಎದ್ದಿತು.

"ನಾನಿರೋವಾಗ ಬೈಕ್ ಯಾಕೋ?" ಎಂದರು ಹಾಸಿಗಪ್ಪನವರು. "ಜಂಕ್ಷನ್ನು ನನಗೆ ಅಂಗೈ ಗೆರೆ ಇದ್ದ ಹಾಗೆ."

ಮಾವನವರು ಮಗಳನ್ನು ಕರೆದರು. "ನಿನ್ನ ಗಂಡನಿಗೆ ಹೇಳು, ನಾನೂ ಜೊತೆಗೆ ಬರ್ತೀನಿ. ಆ ಅಂಗೈ ಗೆರೆ ನಾನೂ ನೋಡಬೇಕು."

ಹಾಸಿಗಪ್ಪನವರು ಒಮ್ಮೆ ತಮ್ಮ ಅಂಗೈಯನ್ನೇ ನೋಡಿಕೊಂಡರು. ಆಮೇಲೆ ಕಂದು ಟೋಪಿಯನ್ನು ನೆನೆದುಕೊಂಡರು, ಸಮಾಧಾನವಾಯಿತು. ಟೋಪಿ ಇರುವವರೆಗೆ ಹೆದರಿಕೆ ಯಾಕೆ?

ಪರೀಕ್ಷೆಯ ದಿನ ಮೂವರೂ ಬಡಾವಣೆಯ ಗಾಡಿಯಿಂದ ಇಳಿದು ಸೇತುವೆ ಹತ್ತಿದರು. ಮಾವನವರು ಒಂದೊಂದು ಮೆಟ್ಟಿಲಿನಲ್ಲೂ ರೈಲ್ವೆಯ ತಪ್ಪು ಹುಡುಕುತ್ತ ಬಂದರು. ಸೇತುವೆಯ ನಡುವೆ ಎಂದಿನಂತೆ ಜನ ನಿಂತಿದ್ದರು. ಹಾಸಿಗಪ್ಪನವರನ್ನು ಕಂಡು ನಾಲ್ಕಾರು ಮಂದಿ ದಾರಿ ಬಿಟ್ಟರು. ಒಬ್ಬಳು ಪಕ್ಕದವಳಿಗೆ, "ಬಂದ್ರು ನೋಡು, ಇನ್ನು ಚಿಂತೆಯಿಲ್ಲ," ಎಂದದ್ದು ಮಾವನವರ ಕಿವಿಗೂ ಬಿತ್ತು. ಹಾಸಿಗಪ್ಪನವರ ಎದೆ ಹೊಸ ಸ್ಪ್ರಿಂಗ್ ಹಾಸಿಗೆಯ ಹಾಗೆ ಉಬ್ಬಿತು.

ಕಂದು ಟೋಪಿಯವರು ಕಂಬದ ಪಕ್ಕದಲ್ಲೇ ನಿಂತಿದ್ದರು. ಹಾಸಿಗಪ್ಪನವರು ಕಣ್ಣಲ್ಲೇ ಅವರಿಗೆ ಕೈ ಮುಗಿದು, ಕೊಡೆ ಯಾವ ಕೈಗೆ ಹೋಗುತ್ತದೆ ಎಂದು ಕಾದರು.

ಕೊಡೆ ಇರಲಿಲ್ಲ.

ಹಾಸಿಗಪ್ಪನವರು ಬಲಗೈ ನೋಡಿದರು, ಎಡಗೈ ನೋಡಿದರು, ಕಂಕುಳು ನೋಡಿದರು. ಟೋಪಿಯವರ ಎರಡು ಕೈಗಳೂ ಖಾಲಿಯಾಗಿ, ಏನು ಮಾಡಬೇಕೆಂದು ತಿಳಿಯದೆ ಜೋತಾಡುತ್ತಿದ್ದವು. ಇನ್ನೂ ಕೆಟ್ಟ ಸಂಗತಿಯೆಂದರೆ ಅವರು ಹಾಸಿಗಪ್ಪನವರನ್ನೇ ದುರುಗುಟ್ಟಿ ನೋಡುತ್ತಿದ್ದರು.

ಧ್ವನಿವರ್ಧಕದ ಆಕೆ ಕೊಡದೊಳಗಿನಿಂದ ಏನೋ ಹೇಳಿ ಮುಗಿಸಿದಳು. ದೂರದಲ್ಲಿ, ಸಿಗ್ನಲ್ಲಿನ ಆಚೆ, ನಗರದ ಗಾಡಿ ಕೂಗಿತು. ಯಾರೂ ಅಲುಗಾಡಲಿಲ್ಲ. ಹಾಸಿಗಪ್ಪನವರು ಟೋಪಿಯನ್ನು ನೋಡುತ್ತಿದ್ದರು, ಟೋಪಿ ಹಾಸಿಗಪ್ಪನವರನ್ನು ನೋಡುತ್ತಿತ್ತು, ಸೇತುವೆ ಇಬ್ಬರನ್ನೂ ನೋಡುತ್ತಿತ್ತು.

"ಅಪ್ಪ, ಹೊರಡೋಣ್ವಾ?" ಎಂದಳು ಮಗಳು.

"ಒಂದು ನಿಮಿಷ ಮಗಳೇ."

ಗಾಡಿ ಮತ್ತೆ ಕೂಗಿತು. ಹಾಸಿಗಪ್ಪನವರು ಜನರ ನಡುವೆ ದಾರಿ ಮಾಡಿಕೊಂಡು ಟೋಪಿಯವರ ಹತ್ತಿರ ಹೋದರು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಬಾಯಿ ಬಿಟ್ಟರು.

"ಏನ್ ಸಾರ್, ಇವತ್ತು ಇನ್ನೂ ಹೊರಟಿಲ್ಲ?"

"ನೀವು ಹೊರಟ್ರೆ ನಾನೂ ಹೊರಟೆ," ಎಂದರು ಟೋಪಿಯವರು.

"ಛೆ ಛೆ, ಹಿರಿಯರು ನೀವು. ಮೊದಲು ನೀವು."

"ಇದರಲ್ಲಿ ಹಿರಿಯರು ಕಿರಿಯರು ಏನು ಬಂತು? ಗೊತ್ತಿರೋರು ಮುಂದೆ ನಡೀಬೇಕು."

"ಅದನ್ನೇ ನಾನೂ ಹೇಳ್ತಿರೋದು, ನಡೀರಿ."

ಟೋಪಿಯವರು ಸುತ್ತ ನೋಡಿ ದನಿ ತಗ್ಗಿಸಿದರು. ಆದರೆ ಸೇತುವೆಯಲ್ಲಿ ಉಸಿರು ಬಿಟ್ಟರೂ ಕೇಳಿಸುವಷ್ಟು ಮೌನವಿತ್ತು. "ಸ್ವಾಮಿ, ನಾನು ಗಡಿಯಾರ ರಿಪೇರಿ ಮಾಡೋನು. ರೈಲಿನ ವಿಷಯ ನನಗೇನು ಗೊತ್ತು? ಈ ಊರಿಗೆ ಬಂದ ದಿನದಿಂದ ನಿಮ್ಮ ಹಿಂದೇನೇ ಇಳೀತಾ ಇದ್ದೀನಿ. ನೀವು ಚೀಲ ಹೆಗಲಿಗೆ ಹಾಕಿದ್ರೆ ನನಗೆ ಜೀವ ಬರುತ್ತೆ."

"ಮತ್ತೆ ಕೊಡೆ?" ಎಂದರು ಹಾಸಿಗಪ್ಪನವರು. "ಬಲಗೈ, ಎಡಗೈ, ಬದಲಾಯಿಸ್ತಿದ್ರಲ್ಲ?"

"ಕೈ ನೋಯುತ್ತಲ್ರೀ. ಒಂದು ನೋವು ಬಂದ್ರೆ ಇನ್ನೊಂದಕ್ಕೆ ಹಾಕ್ಕೋತೀನಿ. ಇವತ್ತು ಮಳೆ ಇಲ್ಲ ಅಂತ ಸೊಸೆ ಮನೇಲೇ ಇಡಿಸಿದ್ಲು."

ಇದನ್ನು ಕೇಳಿದ ಸೇತುವೆಯ ಮೇಲಿನ ಜನರ ಮುಖಗಳನ್ನು ವರ್ಣಿಸುವುದು ಬೇಡ. ತಮ್ಮ ಇಷ್ಟು ವರ್ಷಗಳ ನೌಕರಿ, ಹಾಜರಿ, ಬಡ್ತಿ ಎಲ್ಲವೂ ಒಬ್ಬ ಗಡಿಯಾರದವರ ಮಣಿಕಟ್ಟಿನ ನೋವಿನ ಮೇಲೆ ನಿಂತಿತ್ತು ಎಂದು ತಿಳಿದಾಗ ಮನುಷ್ಯನಿಗೆ ಏನನ್ನಿಸಬೇಕೋ ಅದೇ ಅನ್ನಿಸಿತ್ತು.

ಅಷ್ಟರಲ್ಲಿ ಸ್ಟೇಷನ್ ಮಾಸ್ತರರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ದಪ್ಪ ಆಸಾಮಿ. ಕೈಯಲ್ಲಿ ಸುತ್ತಿದ ಹಸಿರು ಬಾವುಟ.

"ಏನ್ರೀ ಇದು? ಎಲ್ಲರೂ ಇಲ್ಲೇ ಬೇರು ಬಿಟ್ಟಿದ್ದೀರಾ? ಗಾಡಿ ಸಿಗ್ನಲ್ ಹತ್ರ ಕಾಯ್ತಾ ಇದೆ, ಡ್ರೈವರ್ ಬಾಯಿಗೆ ಬಂದ ಹಾಗೆ ಬೈತಾ ಇದ್ದಾನೆ. ಇಳೀರಿ ಬೇಗ!"

"ಯಾವ ಕಡೆ ಇಳಿಯೋದು ಸಾರ್?" ಎಂದು ಜನ ಒಟ್ಟಾಗಿ ಕೇಳಿದರು.

ಮಾಸ್ತರರು ಬಾಯಿ ತೆರೆದು ನಿಂತರು. "ಅದನ್ನ ನನ್ನ ಕೇಳ್ತೀರಾ? ಅದನ್ನ ನೀವಲ್ವಾ ಹೇಳಬೇಕಾದ್ದು?"

"ನಾವಾ?"

"ಮತ್ತಿನ್ಯಾರು? ನನ್ನ ಕೋಣೆ ಕಿಟಕೀಲಿ ನೋಡ್ತೀನಿ. ಜನ ಮೂರರಲ್ಲಿ ನಿಂತಿದ್ರೆ ಗಾಡೀನ ಮೂರಕ್ಕೆ ತರ್ತೀನಿ, ನಾಲ್ಕರಲ್ಲಿ ನಿಂತಿದ್ರೆ ನಾಲ್ಕಕ್ಕೆ. ಹಿಂದೆ ಒಂದ್ಸಲ ಖಾಲಿ ಪ್ಲಾಟ್‌ಫಾರಮ್ಮಿಗೆ ತಂದು ನಿಲ್ಲಿಸಿದ್ದಕ್ಕೆ ನೀವೇ ಬಂದು ನನ್ನ ಮೇಜು ಗುದ್ದಿದ್ರಿ. ಅವತ್ತಿಂದ ಪ್ರಯಾಣಿಕರ ಇಷ್ಟ ಏನೋ ಅದೇ ನಮ್ಮ ಇಷ್ಟ ಅಂದ್ಕೊಂಡೆ. ಇವತ್ತು ಮೂರರಲ್ಲೂ ನರಪಿಳ್ಳೆ ಇಲ್ಲ, ನಾಲ್ಕರಲ್ಲೂ ಇಲ್ಲ. ನಾನು ಗಾಡೀನ ಸೇತುವೆ ಮೇಲೆ ತರಲಾ?"

ದೂರದಲ್ಲಿ ಗಾಡಿ ಉದ್ದಕ್ಕೆ ಕೂಗಿತು. ಒಬ್ಬನು, "ಹಾಗಾದ್ರೆ ಯಾವ ಕಡೆ ಬೇಕಾದ್ರೂ ಇಳೀಬಹುದಲ್ಲ?" ಎಂದ. ಹೌದು ಎಂದು ಎಲ್ಲರೂ ಒಪ್ಪಿದರು. ಒಪ್ಪಿ, ಯಾರಾದರೂ ಮೊದಲು ಇಳಿಯಲಿ ಎಂದು ಕಾದು ನಿಂತರು. ಅರ್ಧ ಜನ ಒಂದು ಕಡೆ, ಅರ್ಧ ಜನ ಇನ್ನೊಂದು ಕಡೆ ಇಳಿದರೆ ಏನು ಗತಿ ಎಂಬ ಹೊಸ ಭಯ ಹುಟ್ಟಿತ್ತು. ಎಲ್ಲರ ಕಣ್ಣೂ ಮತ್ತೆ ಹಾಸಿಗಪ್ಪನವರ ಮೇಲೆ ಬಿತ್ತು.

ಮಗಳ ಮುಖ ಬಿಳಿಚಿಕೊಂಡಿತ್ತು. ಅದನ್ನು ಕಂಡು ಹಾಸಿಗಪ್ಪನವರಿಗೆ ನಿಜವಾಗಿ ನಾಚಿಕೆಯಾಯಿತು. ಬೈಕಿನ ಹಿಂದೆ ಕೂತಿದ್ದರೆ ಮಗು ಇಷ್ಟು ಹೊತ್ತಿಗೆ ಗೇಟಿನೊಳಗೆ ಇರುತ್ತಿತ್ತು.

"ನೋಡ್ರಪ್ಪಾ," ಎಂದರು ಅವರು, ಎಲ್ಲರಿಗೂ ಕೇಳಿಸುವ ಹಾಗೆ, ಮಾವನವರ ಕಡೆ ನೋಡದೆ. "ನನಗೆ ಏನೂ ಗೊತ್ತಿಲ್ಲ. ಯಾವತ್ತೂ ಗೊತ್ತಿರಲಿಲ್ಲ. ನಾನು ಇವರ ಕೊಡೆ ನೋಡ್ಕೊಂಡು ಇಳೀತಿದ್ದೆ, ಅಷ್ಟೇ."

ಮಾವನವರು ಗಂಟಲು ಸರಿಮಾಡಿಕೊಂಡು, ಮಗಳು ಇಲ್ಲದ ಕಾರಣ ಮೊಮ್ಮಗಳ ಕಡೆ ತಿರುಗಿದರು.

"ನಿಮ್ಮಪ್ಪನಿಗೆ ಹೇಳು, ಗೊತ್ತಿಲ್ಲದಿದ್ರೂ ಪರವಾಗಿಲ್ಲ, ಎಲ್ಲಾದ್ರೂ ಒಂದು ಕಡೆ ಇಳೀಲಿ."

"ಅಪ್ಪ," ಎಂದಳು ಮಗಳು, ಅವರ ತೋಳು ಹಿಡಿದು. "ಮೂರರಲ್ಲಿ ನೆರಳಿದೆ."

ಹಾಸಿಗಪ್ಪನವರು ನೋಡಿದರು. ಹೌದು, ಮೂರರ ಮೇಲೆ ತಗಡಿನ ಚಾವಣಿಯ ನೆರಳು ಬಿದ್ದಿತ್ತು, ನಾಲ್ಕರಲ್ಲಿ ಬಿಸಿಲು ಕಾಯುತ್ತಿತ್ತು. ಇಷ್ಟು ವರ್ಷ ಯಾರೂ ಅದನ್ನು ನೋಡಿರಲಿಲ್ಲ, ಎಲ್ಲರೂ ಒಬ್ಬರನ್ನೊಬ್ಬರು ನೋಡುತ್ತಿದ್ದರಲ್ಲ. ಅವರು ಚೀಲವನ್ನು ಹೆಗಲಿಗೇರಿಸಿ ಎಡಗಡೆಯ ಮೆಟ್ಟಿಲಿಗೆ ಕಾಲಿಟ್ಟರು. ತಮಗೇನೂ ಗೊತ್ತಿಲ್ಲ ಎಂದು ಆಗಷ್ಟೇ ತಮ್ಮ ಬಾಯಾರೆ ಹೇಳಿದ ಆ ಮನುಷ್ಯನ ಹಿಂದೆ ಇಡೀ ಸೇತುವೆ ದಡದಡನೆ ಇಳಿಯಿತು. ಎಲ್ಲರಿಗಿಂತ ಮುಂದೆ ಟೋಪಿಯವರು ಇದ್ದರು. ಮಾಸ್ತರರು, "ಮೂರು! ಮೂರು!" ಎಂದು ಕೂಗುತ್ತ ತಮ್ಮ ಕೋಣೆಗೆ ಓಡಿದರು. ಗಾಡಿ ಮೂರಕ್ಕೇ ಬಂತು.

ನಗರದಲ್ಲಿ ಇಳಿದು ಮೂವರೂ ಓಡಿದರು. ಮಾವನವರು ಓಡಿದ್ದನ್ನು ನೋಡಿದವರು ಅವರ ವಿದ್ಯಾರ್ಥಿಗಳಲ್ಲೂ ಯಾರೂ ಇರಲಾರರು. ಕಾವಲುಗಾರ ಗೇಟಿನ ಒಂದು ಬಾಗಿಲನ್ನು ಮುಚ್ಚಿ ಇನ್ನೊಂದಕ್ಕೆ ಕೈ ಹಾಕಿದ್ದ. ಮಗಳು ಆ ಸಂದಿಯಲ್ಲಿ ಬೆಕ್ಕಿನಂತೆ ನುಗ್ಗಿಹೋದಳು. ಹಿಂದೆಯೇ ಬಾಗಿಲು ಧಡಾರೆಂದು ಮುಚ್ಚಿತು. ಹಾಸಿಗಪ್ಪನವರು ಗೇಟಿನ ಕಂಬಿ ಹಿಡಿದು ಅಲ್ಲೇ ಕುಸಿದು ಕುಳಿತರು. ಕಣ್ಣಲ್ಲಿ ನೀರು ಬಂದಿತ್ತು. ಯಾರಾದರೂ ಕೇಳಿದ್ದರೆ ಓಡಿದ್ದಕ್ಕೆ ಎಂದು ಹೇಳಬಹುದಿತ್ತು, ಯಾರೂ ಕೇಳಲಿಲ್ಲ.

ಪರೀಕ್ಷೆ ಮುಗಿಯುವವರೆಗೆ ಎಲ್ಲಿ ಇರುವುದು? ಅಂಗಡಿ ಹತ್ತಿರದಲ್ಲೇ ಇತ್ತು. ಹಾಸಿಗಪ್ಪನವರು ಆ ಕಡೆ ನಡೆದರು, ಮಾವನವರು ಹಿಂಬಾಲಿಸಿದರು. ಅಳಿಯನ ಅಂಗಡಿಯೊಳಗೆ ಅವರು ಕಾಲಿಟ್ಟದ್ದು ಅದೇ ಮೊದಲು. ಕೈ ಹಿಂದೆ ಕಟ್ಟಿಕೊಂಡು, ಶಾಲೆ ತಪಾಸಣೆ ಮಾಡಿದ ಹಾಗೆ ಹಾಸಿಗೆಗಳ ನಡುವೆ ಓಡಾಡಿದರು. ಒಂದನ್ನು ಬೆರಳಿನಿಂದ ಒತ್ತಿದರು. ಇನ್ನೊಂದರ ಅಂಚಿಗೆ, ಕೂತಂತೆ ಕಾಣದ ಹಾಗೆ ಕೂತರು. ಸ್ವಲ್ಪ ಹೊತ್ತಿನ ಮೇಲೆ ಚಪ್ಪಲಿ ಬಿಚ್ಚಿದರು. ಇನ್ನೂ ಸ್ವಲ್ಪ ಹೊತ್ತಿನ ಮೇಲೆ ಹಾಸಿಗಪ್ಪನವರು ತಿರುಗಿ ನೋಡಿದರೆ ಮಾವನವರು ಉದ್ದಕ್ಕೆ ಮಲಗಿದ್ದರು, ಹಾಸಿಗೆ ಇದ್ದಷ್ಟೂ ಕಾಲು ಚಾಚಿ.

ರಸ್ತೆಯ ಕಡೆಯ ಕಿಟಕಿಯಿಂದ ಬಿಸಿಲು ಅವರ ಮುಖದ ಮೇಲೆ ಬೀಳುತ್ತಿತ್ತು. ಮಾವನವರು ಅರೆಗಣ್ಣು ತೆರೆದು ಎಡಕ್ಕೆ ನೋಡಿದರು. ಮಗಳಿರಲಿಲ್ಲ. ಬಲಕ್ಕೆ ನೋಡಿದರು. ಮೊಮ್ಮಗಳೂ ಇರಲಿಲ್ಲ. ಅಂಗಡಿಯಲ್ಲಿ ಅವರು, ಅಳಿಯ, ಹಾಸಿಗೆಗಳು, ಅಷ್ಟೇ. ಹಾಸಿಗೆಗೆ ಹೇಳಿ ಅಳಿಯನಿಗೆ ಮುಟ್ಟಿಸುವ ಹಾಗಿರಲಿಲ್ಲ. ಬಹಳ ಹೊತ್ತು ಬಿಸಿಲನ್ನು ತಡೆದುಕೊಂಡರು. ಕೊನೆಗೆ ಕಣ್ಣು ಮುಚ್ಚಿಕೊಂಡು, ಚಾವಣಿಗೆ ಹೇಳಿದಂತೆ ಹೇಳಿದರು.

"ಅಳಿಯಂದ್ರೇ, ಆ ಕಿಟಕಿ ಸ್ವಲ್ಪ ಮುಚ್ಚಿ."

ಹಾಸಿಗಪ್ಪನವರು ಎದ್ದು ಮುಚ್ಚಿದರು. ಕಿಟಕಿಯ ಹಿಡಿಯನ್ನು ಹಿಡಿದುಕೊಂಡು ಒಂದಿಷ್ಟು ಹೊತ್ತು ಅಲ್ಲೇ ನಿಂತರು. ತಿರುಗಿ ನೋಡುವಾಗ ಮಾವನವರು ಗೊರಕೆ ಹೊಡೆಯುತ್ತಿದ್ದರು. ಒಳಗೆ ಬಂದ ಇಬ್ಬರು ಗಿರಾಕಿಗಳು ಆ ಗೊರಕೆ ಕೇಳಿ, ಬೇರೆ ಯಾವುದನ್ನೂ ನೋಡದೆ ಅದೇ ಹಾಸಿಗೆ ಬೇಕೆಂದರು.

ಪರೀಕ್ಷೆ ಮುಗಿಯುವ ಹೊತ್ತಿಗೆ ಇಬ್ಬರೂ ಮತ್ತೆ ಗೇಟಿನ ಬಳಿಗೆ ಬಂದರು. ಗೇಟು ತೆರೆದಾಗ ಮಗಳು ಕುಣಿಯುತ್ತ ಬಂದಳು.

"ಚೆನ್ನಾಗಿ ಬರೆದೆ ಅಪ್ಪ! ಒಂದೇ ಒಂದು ಗೊತ್ತಾಗಲಿಲ್ಲ. ಕುದುರೆ ನಿಂತುಕೊಂಡೇ ಹೇಗೆ ನಿದ್ದೆ ಮಾಡುತ್ತೆ ಅಂತ. ನಾಲ್ಕು ಉತ್ತರ ಕೊಟ್ಟಿದ್ರು. ಮೂರೋ ನಾಲ್ಕೋ ತಿಳೀಲಿಲ್ಲ."

"ಆಮೇಲೆ?"

"ಪಕ್ಕದವಳನ್ನ ನೋಡಿದೆ. ಅವಳು ನನ್ನನ್ನೇ ನೋಡ್ತಿದ್ಲು."

ಮಾವನವರ ಮೂಗು ಮೇಲೆದ್ದಿತು.

"ಅವಳ ಹಿಂದಿನವಳು ಅವಳನ್ನ ನೋಡ್ತಿದ್ಲು ತಾತ, ಅವಳ ಹಿಂದೆ ಇನ್ನೊಬ್ಬಳು. ಎಲ್ಲರೂ ಪೆನ್ನು ಎತ್ತಿಕೊಂಡು ಸುಮ್ಮನೆ ಕೂತಿದ್ರು. ನನಗೆ ನಗು ಬಂತು. ಮೂರಕ್ಕೆ ಗುರುತು ಹಾಕಿದೆ. ಅವಳೂ ಹಾಕಿದ್ಲು. ಹಿಂದಿನವಳೂ ಹಾಕಿದ್ಲು."

"ಮೂರು ಸರಿ ಅಂತ ನಿನಗೆ ಯಾರು ಹೇಳಿದ್ರು?" ಎಂದರು ಹಾಸಿಗಪ್ಪನವರು.

"ಇಡೀ ಕೋಣೆ ಮೂರರಲ್ಲಿ ನಿಂತಿದೆಯಲ್ಲ ಅಪ್ಪ. ಇನ್ನು ಉತ್ತರ ಅಲ್ಲಿಗೇ ಬರಬೇಕು."

ಮೊಮ್ಮಗಳ ಮೇಲೆ ಮಾವನವರಿಗೆ ಸಿಟ್ಟು ಬಂದದ್ದು ಅದೇ ಮೊದಲು. ಅವಳ ಕಡೆ ನೋಡಲೂ ಇಲ್ಲ. ಪೂರ್ತಿಯಾಗಿ ಹಾಸಿಗಪ್ಪನವರ ಕಡೆ ತಿರುಗಿ ನಿಂತರು.

"ಅಳಿಯಂದ್ರೇ, ನಿಮ್ಮ ಮಗಳಿಗೆ ಹೇಳಿ, ಪರೀಕ್ಷೆಯಲ್ಲಿ ಪಕ್ಕ ನೋಡಬಾರದು."

ಮಗಳು ಅಲ್ಲೇ, ಇಬ್ಬರ ನಡುವೆಯೇ ನಿಂತಿದ್ದಳು. ಆದರೂ ಹಾಸಿಗಪ್ಪನವರು ಚೀಲ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, ಒಂದಕ್ಷರವೂ ಬಿಡದೆ ಆ ಮಾತನ್ನು ಅವಳಿಗೆ ಮುಟ್ಟಿಸಿದರು.